ಇನ್ನೂ ಎತ್ತರದ ದಿಂಬು

ಮಾರ್ಚ್ ೧೮

ನನ್ನ ಗುಬ್ಬಿಗೆ,

ಕ್ಷೇಮವಾಗಿ ಮನೆ ಸೇರಿದೆ. ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ದಾರಿಯುದ್ದಕ್ಕೂ ಸೊಸೆಯನ್ನು ಬೈಯುತ್ತಾ ಬಂದಳು, ಹಾಗಾಗಿ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಮನೆಗೆ ಬಂದು ನೋಡಿದರೆ, ನಾನು ನಿನ್ನ ಬಾಣಂತನಕ್ಕೆ ಹೋಗಿದ್ದ ಒಂದು ತಿಂಗಳಲ್ಲಿ ನಿನ್ನ ಭಾವ ಅಂಗಡಿಯನ್ನು ಕೋಳಿಗೂಡು ಮಾಡಿಟ್ಟಿದ್ದಾರೆ. ಹಾಸಿಗೆಗೆ ತುಂಬುವ ಹತ್ತಿ, ದಿಂಬಿಗೆ ತುಂಬುವ ಹತ್ತಿ ಎಲ್ಲ ಒಂದೇ ರಾಶಿ. ಕೇಳಿದರೆ, "ಹತ್ತಿ ಹತ್ತಿನೇ ಕಣೇ, ಅದಕ್ಕೇನು ಇನಿಷಿಯಲ್ ಇದೆಯಾ?" ಅಂತಾರೆ.

ಈ ಪಾರ್ಸಲ್ಲಿನಲ್ಲಿ ನಿನಗೊಂದು ದಿಂಬು ಇದೆ. ಹೊಸ ಹತ್ತಿ, ನಾನೇ ಹಿಂಜಿ, ನಾನೇ ತುಂಬಿ, ನಾನೇ ಹೊಲಿದದ್ದು. ಮೂವತ್ತೆಂಟಕ್ಕೆ ಮೊದಲ ಹೆರಿಗೆ, ಅದೂ ಅವಳಿ. ತಲೆಗೂ ಬೆನ್ನಿಗೂ ಒಳ್ಳೆಯ ಆಸರೆ ಬೇಕು. ಉಪ್ಪಿನಲ್ಲಿ ಊರಿಸಿದ ನಿಂಬೆಹಣ್ಣು ಒಂದು ಬಾಟಲಿ ಇಟ್ಟಿದ್ದೇನೆ, ಬಾಯಿಗೆ ರುಚಿಯಾಗುತ್ತದೆ, ಚೆನ್ನಾಗಿ ತಿನ್ನು.

ಬಿ.ಪಿ. ತೋರಿಸಲು ಮತ್ತೆ ಬಾ ಅಂತ ಆ ನರ್ಸ್ ಹೇಳಿದ್ದಳಲ್ಲ, ಎರಡು ಎಳೆಗೂಸು ಕಟ್ಟಿಕೊಂಡು ಮೂರು ಮಹಡಿ ಇಳಿದು ಸಾಲಿನಲ್ಲಿ ನಿಲ್ಲುವ ತಲೆನೋವು ಬೇಡ. ಬಸುರಿನಲ್ಲಿ ಏರಿದ್ದು ಹೆರಿಗೆಯಾದ ಮೇಲೆ ತಾನಾಗಿ ಇಳಿಯುತ್ತದೆ. ದೇವರಿದ್ದಾನೆ.

ಇನ್ನು ಮೇಲೆ ಫೋನು ಕಡಿಮೆ ಮಾಡಿ ಕಾಗದ ಬರೀತೀನಿ ಅಂದೆಯಲ್ಲ, ಎಷ್ಟು ಹಿಗ್ಗಾಯಿತು ಗೊತ್ತಾ? ಈಗಿನ ಕಾಲದಲ್ಲಿ ಯಾರಿಗೆ ಯಾರು ಬರೆಯುತ್ತಾರೆ. ನಾನು ಕೈ ಹಿಡಿದು ತಿದ್ದಿಸಿದ ಅಕ್ಷರ, ಅದನ್ನು ನೋಡುವುದೇ ಒಂದು ಸುಖ.

ನಿನ್ನ ಅಕ್ಕ


ಏಪ್ರಿಲ್ ೫

ಪ್ರೀತಿಯ ಅಕ್ಕ,

ದಿಂಬು ಬಂತು. ನಾನು ತಲೆ ಇಡುವ ಮೊದಲೇ ದೊಡ್ಡದು ಅದರ ಮೇಲೆ ಉಚ್ಚೆ ಹೊಯ್ದು ಉದ್ಘಾಟನೆ ಮಾಡಿತು. ಚಿಕ್ಕದು ಅಣ್ಣನನ್ನು ನೋಡಿ ಕಲಿಯಿತು. ಹತ್ತು ನಿಮಿಷ ಮೊದಲು ಹುಟ್ಟಿದ್ದಕ್ಕೆ ಅವನ ದರ್ಬಾರು ನೋಡಬೇಕು.

ಒಂದು ಮಾತು, ಬೈಯಬಾರದು. ದಿಂಬು ಚಪ್ಪಟೆಯಾಗಿಬಿಟ್ಟಿದೆ. ತಲೆ ಇಟ್ಟರೆ ನೆಲದ ಮೇಲೆ ಇಟ್ಟ ಹಾಗೆ. ಅಂಗಾತ ಮಲಗಿದರೆ ಎದೆಯ ಮೇಲೆ ಯಾರೋ ಕೂತ ಹಾಗಾಗಿ ಎದ್ದುಬಿಡುತ್ತೇನೆ. ಇನ್ನೂ ಸ್ವಲ್ಪ ಎತ್ತರದ್ದು ಮಾಡಿ ಕಳಿಸುತ್ತೀಯಾ?

ಕಾಲು ಊದಿಕೊಂಡಿದೆ. ನನ್ನ ಚಪ್ಪಲಿ ಹಿಡಿಸದೆ ಇವರದನ್ನು ಹಾಕಿಕೊಂಡು ಓಡಾಡುತ್ತಿದ್ದೇನೆ. "ಬಸ್ ಡಿಪೋದಲ್ಲಿ ನನಗೆ ಹದಿನೈದು ವರ್ಷದಿಂದ ಬಡ್ತಿ ಇಲ್ಲ, ನಿನ್ನ ಕಾಲಿಗೆ ಒಂದೇ ತಿಂಗಳಲ್ಲಿ ಬಂತು ನೋಡು" ಅಂತ ಇವರ ತಮಾಷೆ.

ಫೋನಿನಲ್ಲಿ ಬೇಗ ಇಟ್ಟುಬಿಡುತ್ತೇನೆ ಅಂತ ಬೇಜಾರಾಗಬೇಡ. ಮಾತು ಆಡುತ್ತಾ ಮಧ್ಯೆ ಮಧ್ಯೆ ನಿಲ್ಲಿಸಬೇಕಾಗುತ್ತದೆ, ಆ ಕಡೆಯವರಿಗೆ ಕಿರಿಕಿರಿ. ಕಾಗದವಾದರೆ ಎಲ್ಲಿ ಬೇಕಾದರೂ ನಿಲ್ಲಿಸಿ ಆಮೇಲೆ ಮುಂದುವರಿಸಬಹುದು. ಇದನ್ನೇ ನೋಡು, ನಿನ್ನೆ ಶುರು ಮಾಡಿದ್ದು.

ನಿನ್ನ ಗುಬ್ಬಿ


ಏಪ್ರಿಲ್ ೧೨

ಗುಬ್ಬಿಗೆ,

ಚಪ್ಪಟೆಯಂತೆ! ನಾನು ತುಂಬಿದ ದಿಂಬು ಮೂರು ವಾರಕ್ಕೆ ಚಪ್ಪಟೆಯಾದ ಕಥೆ ಇದೇ ಮೊದಲು ಕೇಳಿದ್ದು. ಎದುರು ಮನೆ ಮೇಷ್ಟರು ನನ್ನ ದಿಂಬನ್ನು ಹನ್ನೊಂದು ವರ್ಷ ಇಟ್ಟುಕೊಂಡಿದ್ದರು, ಅವರ ತಲೆಯೇನು ಹಗುರವೇ? ನೀನು ಅದರ ಮೇಲೆ ಕೂತು ಹಾಲು ಕುಡಿಸುತ್ತಿರಬೇಕು. ದಿಂಬು ತಲೆಗೆ ಕಣಮ್ಮ, ಪೀಠಕ್ಕಲ್ಲ.

ಇರಲಿ. ಇನ್ನೊಂದು ಕಳಿಸಿದ್ದೇನೆ, ಮೊದಲಿನದಕ್ಕಿಂತ ನಾಲ್ಕು ಬೆರಳು ಎತ್ತರ. ನಿನ್ನ ಭಾವ ನೋಡಿ, "ಇದು ದಿಂಬಾ, ಬೆಂಚಾ?" ಅಂದರು.

ಮಲಗಿದರೆ ಕಷ್ಟ ಅಂತ ಹೆದರಬೇಡ. ನಮ್ಮ ಮನೆ ಹೆಂಗಸರ ಅಭ್ಯಾಸವೇ ಅದು. ಅಮ್ಮ ಹಾಸಿಗೆ ಮೇಲೆ ಮಲಗಿದ್ದನ್ನು ನಾನು ಕಂಡದ್ದೇ ಕಡಿಮೆ, ಹತ್ತಿ ಮೂಟೆಗೆ ಒರಗಿಕೊಂಡೇ ನಿದ್ದೆ ಮಾಡುತ್ತಿದ್ದಳು. ಕಾಲು ಊದುವುದು ಬಾಣಂತಿಗೆ ಸಾಮಾನ್ಯ. ಕಾಲು ಮೇಲಿಟ್ಟುಕೋ, ನೀರು ಚೆನ್ನಾಗಿ ಕುಡಿ. ನಿಂಬೆಹಣ್ಣು ಮುಗಿದಿದ್ದರೆ ಹೇಳು.

ಸಂಜೆಯ ಪ್ರಾರ್ಥನೆಯಲ್ಲಿ ಮೂವರ ಹೆಸರೂ ಹೇಳುತ್ತೇನೆ. ನಿನ್ನ ಯಜಮಾನರ ಹೆಸರು ವಾರಕ್ಕೊಮ್ಮೆ, ಅವರು ಗಟ್ಟಿ ಆಳು.

ನಿನ್ನ ಅಕ್ಕ


ಏಪ್ರಿಲ್ ೩೦

ಅಕ್ಕಾ,

ಎತ್ತರದ ದಿಂಬು ಸಿಕ್ಕಿತು. ಒಳ್ಳೆಯದಿದೆ. ನಾಲ್ಕು ದಿನ ಆರಾಮವಾಗಿ ನಿದ್ದೆ ಬಂತು. ಆಮೇಲೆ ಅದೂ ಸಾಲದಾಯಿತು. ಕೆಳಗೆ ಹಳೆಯದು, ಮೇಲೆ ಹೊಸದು. ಅದರ ಮೇಲೆ ಇನ್ನೊಂದು. ಮಲಗಿದ ಕೂಡಲೇ ಕೆಮ್ಮು, ಕೂತರೆ ನಿಲ್ಲುತ್ತದೆ. ಹಾಗಾಗಿ ದಿಂಬಿನ ಗೋಡೆ ಕಟ್ಟಿಕೊಂಡು ಒರಗುತ್ತೇನೆ.

ಆ ಇನ್ನೊಂದು ದಿಂಬು ಯಾವುದು ಅಂತ ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಇವರು ಪೇಟೆಯಿಂದ ತಂದರು, ಸ್ಪಂಜಿನದು. ಪ್ರತಿ ಸಲ ನಿನಗೆ ತೊಂದರೆ ಕೊಡುವುದು ಬೇಡ ಅಂತ. ಬೇಜಾರು ಮಾಡಿಕೊಳ್ಳಬೇಡ ಅಕ್ಕ. ನಿನ್ನ ದಿಂಬಿಗೆ ಅದು ಸಮವಲ್ಲ, ಬರೀ ಎತ್ತರಕ್ಕೆ.

ಮೊನ್ನೆ ಕೆಳಗೆ ಹಾಲು ತರಲು ಹೋಗಿ, ಹತ್ತುವಾಗ ಎರಡನೆಯ ಮಹಡಿಯಲ್ಲಿ ಕೂತುಬಿಟ್ಟೆ. ಆ ಮನೆಯ ಅಜ್ಜಿ ಬಾಗಿಲು ತೆಗೆದು, "ಏನಮ್ಮಾ, ನನ್ನ ಮನೆ ಕಾಯೋಕೆ ಸೇರ್ಕೊಂಡ್ಯಾ?" ಅಂದರು. ನಗೋಣ ಅಂದರೆ ಉಸಿರು ಸಾಲಲಿಲ್ಲ.

ಗುಬ್ಬಿ


ಮೇ ೨೦

ಅಕ್ಕಾ,

ಉತ್ತರವೇ ಇಲ್ಲ. ಕೋಪಾನಾ? ಸ್ಪಂಜಿನ ದಿಂಬನ್ನು ಕುರ್ಚಿಗೆ ಹಾಕಿದ್ದೇನೆ, ಹಾಸಿಗೆಯ ಮೇಲೆ ಇಲ್ಲ. ಈಗ ಕುರ್ಚಿಯಲ್ಲೇ ನಿದ್ದೆ.

ಇನ್ನೂ ಎತ್ತರದ್ದು ಒಂದು ಮಾಡಿಕೊಡು. ನೀನು ಮಾಡಿದ್ದೇ ಬೇಕು. ಆಗ ಮಲಗಬಹುದು ಅನಿಸುತ್ತದೆ.

ಗುಬ್ಬಿ


ಮೇ ೨೮

ಅತ್ತಿಗೆಯವರಿಗೆ ನಮಸ್ಕಾರಗಳು.

ಬೆಳಿಗ್ಗೆ ಫೋನಿನಲ್ಲಿ ನೀವು ಅಳುತ್ತಿದ್ದಿರಿ, ನನಗೂ ಮಾತು ಹೊರಡಲಿಲ್ಲ. ಅದಕ್ಕೇ ಬರೆದು ನಮ್ಮ ಡಿಪೋದ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಅವರು ವಾಪಸು ಬರುವ ಬಸ್ಸಿನಲ್ಲೇ ಹೊರಟು ಬನ್ನಿ. ಮಕ್ಕಳನ್ನು ಎರಡನೆಯ ಮಹಡಿಯ ಅಜ್ಜಿ ನೋಡಿಕೊಳ್ಳುತ್ತಿದ್ದಾರೆ, ಆದರೆ ಅವರಿಗೂ ವಯಸ್ಸಾಗಿದೆ.

ನಿನ್ನೆ ಕುರ್ಚಿಯಲ್ಲಿ ಕೂತಿದ್ದ ಹಾಗೇ ಉಸಿರು ಸಿಗದೆ ತುಟಿ ನೀಲಿಯಾಯಿತು. ಆಸ್ಪತ್ರೆಗೆ ಹೊತ್ತುಕೊಂಡು ಹೋದೆ. ಹೃದಯದ ಸ್ನಾಯು ಸೋತಿದೆ ಅಂತಾರೆ. ಹೃದಯ ಹಿಗ್ಗಿ ಸಡಿಲವಾಗಿದೆ, ರಕ್ತವನ್ನು ಸರಿಯಾಗಿ ತಳ್ಳಲು ಆಗುತ್ತಿಲ್ಲ, ಅದಕ್ಕೇ ನೀರು ಶ್ವಾಸಕೋಶದಲ್ಲೂ ಕಾಲಲ್ಲೂ ನಿಂತಿದೆಯಂತೆ. ಹೆರಿಗೆಯ ಆಸುಪಾಸಿನಲ್ಲಿ ಕೆಲವು ಹೆಂಗಸರಿಗೆ ಹೀಗಾಗುತ್ತದಂತೆ.

ಡಾಕ್ಟರಮ್ಮ ನನ್ನನ್ನು ಮೊದಲು ಕೇಳಿದ್ದು ಏನು ಗೊತ್ತಾ? "ಮಲಗೋವಾಗ ಎಷ್ಟು ದಿಂಬು ಇಟ್ಕೊಳ್ತಾರೆ?" ಅಂತ. ನಾನು ದಡ್ಡ, "ಬೇಕಾದಷ್ಟಿದೆ ಮೇಡಂ, ಅವಳ ಅಕ್ಕಂದು ದಿಂಬಿನ ಅಂಗಡಿ" ಅಂದೆ. ಅವರು ನಗಲಿಲ್ಲ. ಮಲಗಿದರೆ ಉಸಿರು ಕಟ್ಟುವವರು ದಿಂಬಿನ ಮೇಲೆ ದಿಂಬು ಇಡುತ್ತಾ ಹೋಗುತ್ತಾರಂತೆ. ಈ ಕಾಯಿಲೆಯನ್ನು ಹಿಡಿಯುವ ಗುರುತುಗಳಲ್ಲಿ ಅದೂ ಒಂದಂತೆ.

ಎರಡು ದಿನ ಕಳೆಯಲಿ, ಆಮೇಲೆ ಹೇಳುತ್ತೇವೆ ಅಂದಿದ್ದಾರೆ. ಬೇಗ ಬನ್ನಿ.

ಇತಿ ನಿಮ್ಮ ತಂಗಿಯ ಗಂಡ


ಜೂನ್ ೨

ಗುಬ್ಬೀ,

ನಿನ್ನ ಮನೆಯ ಅಡಿಗೆ ಕಟ್ಟೆಯ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಆಸ್ಪತ್ರೆ ಇಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ನಿನ್ನೆಯೂ ಬಂದು ಹಾಸಿಗೆಯ ಪಕ್ಕ ನಿಂತೆ, ನಿನ್ನ ಮುಖದ ಮೇಲಿನ ಆ ಮುಖವಾಡದಿಂದ ಗಾಳಿಯ ಸದ್ದು ಕೇಳಿದೆ, "ಮಕ್ಕಳು ಚೆನ್ನಾಗಿವೆ" ಅಂತ ಒಂದು ಮಾತು ಹೇಳಿ ಓಡಿ ಬಂದೆ. ಎದುರಿಗೆ ನಿಂತು ಹೇಳಲು ಬಾಯಿ ಬರುತ್ತಿಲ್ಲ. ಕಾಗದವಾದರೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು ಅಂತ ನೀನೇ ಬರೆದಿದ್ದೆಯಲ್ಲ.

ಸ್ಪಂಜಿನ ದಿಂಬು ತಂದೆವು ಅಂತ ಬರೆದ ದಿನ ನನಗೆ ಮೈಯೆಲ್ಲ ಉರಿದುಹೋಯಿತು. ಆ ಕಾಗದದಲ್ಲಿ ನೀನು ಕೆಮ್ಮು ಅಂದಿದ್ದೆ, ಮೆಟ್ಟಿಲ ಮೇಲೆ ಕೂತೆ ಅಂದಿದ್ದೆ, ನಗಲು ಉಸಿರು ಸಾಲಲಿಲ್ಲ ಅಂದಿದ್ದೆ. ನನ್ನ ಕಣ್ಣಿಗೆ ಬಿದ್ದದ್ದು ಸ್ಪಂಜು ಮಾತ್ರ. ನಿನ್ನ ಭಾವನಿಗೆ ಓದಿ ಹೇಳಿದಾಗಲೂ ಅದೊಂದನ್ನೇ ಓದಿದೆ. "ಅವಳ ಉಸಾಬರಿ ನನಗೆ ಬೇಡ, ಅಂಗಡಿಯವನೇ ಅವಳಿಗೆ ಅಕ್ಕ ಆಗಲಿ" ಅಂದೆ. ಈ ಬಾಯಿಂದಲೇ ಅಂದೆ.

ನಿನ್ನ ಮೇ ತಿಂಗಳ ಕಾಗದ ಬಂದಾಗ, ಗುಬ್ಬಿ ಸೋತಳು, ನನ್ನ ದಿಂಬೇ ಬೇಕಂತೆ ಅಂತ ಒಳಗೊಳಗೇ ಖುಷಿಪಟ್ಟೆ. ಕೂತು ಒಂದು ದಿಂಬು ತುಂಬಿದೆ. ಪ್ರೀತಿಯಿಂದಲ್ಲ, ಹಟದಿಂದ. ಮಂಡಿ ಊರಿ ಹತ್ತಿ ತುರುಕಿದೆ. ಈಗ ಹೇಗೆ ಚಪ್ಪಟೆಯಾಗುತ್ತೆ ನೋಡೇಬಿಡೋಣ ಅಂತ. ಬಾಯಿ ಹೊಲಿಯುತ್ತಿದ್ದಾಗ ಫೋನು ಬಂತು. ಸೂಜಿ ಅದರಲ್ಲೇ ಉಳಿದಿದೆ.

ಇಲ್ಲಿ ನಿನ್ನ ಕುರ್ಚಿ ನೋಡಿದೆ. ನಾನು ಕಳಿಸಿದ ಎರಡು ದಿಂಬನ್ನೂ ತಟ್ಟಿ ನೋಡಿದೆ. ಎರಡೂ ಕೊಟ್ಟ ದಿನದ ಹಾಗೇ ಇವೆ. ಒಂದು ಬೆರಳೂ ಇಳಿದಿಲ್ಲ. ಇಷ್ಟು ವರ್ಷದ ಕಸುಬು, ನನ್ನ ದಿಂಬು ಇಳಿಯುವುದಿಲ್ಲ ಅಂತ ಊರಿಗೆಲ್ಲ ಹೇಳುವವಳು ನಾನು. ಹಾಗಾದರೆ ಇವಳು ಯಾಕೆ ಹೀಗೆ ಬರೆಯುತ್ತಿದ್ದಾಳೆ ಅಂತ ಒಂದು ಸಲ ಯೋಚನೆ ಮಾಡಿದ್ದರೆ ಸಾಕಾಗಿತ್ತು.

ನಿಂಬೆಹಣ್ಣಿನ ಬಾಟಲಿಯನ್ನು ತೊಟ್ಟಿಗೆ ಹಾಕಿದೆ. ಉಪ್ಪು ನಿನಗೆ ವಿಷವಿದ್ದ ಹಾಗೆ ಅಂತ ನಿನ್ನ ಯಜಮಾನರು ಮೆಲ್ಲಗೆ ಹೇಳಿದರು. ಬೈದಿದ್ದರೆ ವಾಸಿಯಿತ್ತು.

ದೇವರ ಹತ್ತಿರ ಒಂದು ಮಾತು ಆಡಿದ್ದೇನೆ. ಏನು ಅಂತ ನಿನಗೆ ಹೇಳುವುದಿಲ್ಲ.

ಅಕ್ಕ


ಜೂನ್ ೯

ಅಕ್ಕಾ,

ಇವತ್ತು ಮುಖವಾಡ ತೆಗೆದರು. ನೀರಿಳಿಯುವ ಔಷಧಿ ಕೊಟ್ಟು ಮೈಯಿಂದ ಬಕೆಟ್‌ಗಟ್ಟಲೆ ನೀರು ಇಳಿಸಿದ್ದಾರೆ. ನನ್ನ ಕಾಲಿನ ಬಡ್ತಿ ರದ್ದಾಯಿತು.

ನೀನು ಬರೆದದ್ದನ್ನು ಓದಿದೆ. ನಿನ್ನ ತಪ್ಪಿಲ್ಲ ಅಂತ ಬರೆಯಬೇಕು, ಬರೆಯಲು ಹೋದರೆ ಕೈ ಏಳುತ್ತಿಲ್ಲ. ಕೋಪ ಇದೆ ಅಕ್ಕ. ಇಪ್ಪತ್ತು ದಿನ ಬಾಗಿಲ ಕಡೆ ನೋಡಿದೆ, ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಎದ್ದು ಕೂರುತ್ತಿದ್ದೆ. ಆದರೆ ನಿಜ ಹೇಳಬೇಕೆಂದರೆ, ದಿಂಬು ಚಪ್ಪಟೆ ಅಂತ ನಾನೂ ನಂಬಿದ್ದೆ. ನನ್ನ ಮೈ ಕೆಟ್ಟಿದೆ ಅನ್ನುವುದಕ್ಕಿಂತ ಅದು ಸುಲಭವಾಗಿತ್ತು.

ಡಾಕ್ಟರಮ್ಮ ಹಾಸಿಗೆಯ ಮೇಲೇ ಕೂತು ಎಷ್ಟೊಂದು ಕೇಳಿದರು. ವಯಸ್ಸು ಎಷ್ಟು, ಅವಳಿಯಾ, ಬಸುರಿನಲ್ಲಿ ಬಿ.ಪಿ. ಇತ್ತಾ, ಆಮೇಲೆ ಯಾಕೆ ತೋರಿಸಲಿಲ್ಲ, ಸಕ್ಕರೆ ಕಾಯಿಲೆ ಇದೆಯಾ, ಕುಡಿತ, ಬೀಡಿ ಸಿಗರೇಟು. ಎದೆಯ ಕ್ಯಾನ್ಸರ್ ಗಂಟಿಗೆ ಔಷಧಿ ತೆಗೆದುಕೊಂಡಿದ್ದೀಯಾ ಅಂತಲೂ ಕೇಳಿದರು, ಆ ಔಷಧಿಯಿಂದ ಉಳಿದುಕೊಂಡ ಕೆಲವು ಹೆಂಗಸರಿಗೆ ಆಮೇಲೆ ಹೃದಯ ಸೋಲುತ್ತದಂತೆ. ಕೊನೆಗೆ, "ಮನೇಲಿ ಯಾರಾದರೂ ಚಿಕ್ಕ ವಯಸ್ಸಿಗೇ ಹೋಗಿದ್ದಾರಾ?" ಅಂದರು.

ಅಮ್ಮ ಅಂದೆ. ಹೇಗೆ ಅಂದರು. ನನಗೆ ಗೊತ್ತಿಲ್ಲ ಅಂದೆ. ಆಗ ನನಗೆ ಹತ್ತು ವರ್ಷ. ನಿನಗೆ ಇಪ್ಪತ್ತೆರಡು. ನೀನು ಹೇಳು, ಅಮ್ಮ ಹೇಗೆ ಹೋದಳು?

ಇನ್ನೊಂದು. ಹೃದಯದ ಈ ಸಡಿಲ ಕೆಲವು ಮನೆಗಳಲ್ಲಿ ತಾಯಿಯಿಂದ ಮಕ್ಕಳಿಗೆ ಬರುತ್ತದಂತೆ. ಒಡಹುಟ್ಟಿದವರು ಎದೆಯ ಎಕೋ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು ಅಂದರು. ಅಕ್ಕಾ, ನೀನು ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತೀಯ?

ಗುಬ್ಬಿ


ಜೂನ್ ೧೪

ಗುಬ್ಬಿಗೆ,

ಕೋಪ ಇದೆ ಅಂತ ಬರೆದೆಯಲ್ಲ, ಅದನ್ನು ಓದಿದ ಮೇಲೆ ಮೊದಲ ಸಲ ಸರಿಯಾಗಿ ಊಟ ಮಾಡಿದೆ.

ಅಮ್ಮನ ವಿಷಯ. ನೀನು ಹುಟ್ಟುವ ಮೊದಲು ಅಮ್ಮ ತಲೆಯ ಮೇಲೆ ಹತ್ತಿ ಮೂಟೆ ಹೊತ್ತು ಮೆಟ್ಟಿಲು ಹತ್ತುತ್ತಿದ್ದಳು. ನೀನು ಹುಟ್ಟಿದ ಮೇಲೆ ಹೊರಲಿಲ್ಲ. ನಡೆಯುವಾಗ ಗೋಡೆ ಹಿಡಿಯುತ್ತಿದ್ದಳು. ಕಾಲನ್ನು ಬೆರಳಿನಿಂದ ಒತ್ತಿದರೆ ಹಿಟ್ಟಿನ ಮೇಲೆ ಒತ್ತಿದ ಹಾಗೆ ಗುಳಿ ಬೀಳುತ್ತಿತ್ತು. ನೀನು ಅದರಲ್ಲಿ ಆಟ ಆಡುತ್ತಿದ್ದೆ, ನೆನಪಿದೆಯೋ ಇಲ್ಲವೋ. ಮಲಗುತ್ತಿರಲಿಲ್ಲ, ಮೂಟೆಗೆ ಒರಗುತ್ತಿದ್ದಳು. "ಅಂಗಡಿ ಕಾಯ್ತಾ ಇದೀನಿ" ಅನ್ನುತ್ತಿದ್ದಳು. ಹತ್ತಿಯನ್ನು ಯಾರು ಕದಿಯುತ್ತಾರೆ ಹೇಳು? ಒಂದು ಬೆಳಿಗ್ಗೆ ಒರಗಿದ ಹಾಗೇ ಇದ್ದಳು, ಏಳಲಿಲ್ಲ. ಪುಣ್ಯವಂತೆ, ನಿದ್ದೆಯಲ್ಲೇ ಹೋದಳು ಅಂತ ಬಂದವರೆಲ್ಲ ಅಂದರು. ನಾವೂ ಹಾಗೇ ಅಂದುಕೊಂಡು ಬಂದೆವು.

ನೀನು ಹುಟ್ಟಿದ ಮೇಲೆ ಶುರುವಾಯಿತು ಅನ್ನುವುದನ್ನು ನಿನಗೆ ಹೇಳಲಿಲ್ಲ. ತನ್ನಿಂದಲೇ ಅಮ್ಮ ಹೋದಳು ಅಂತ ಮಗು ಅಂದುಕೊಂಡೀತು ಅಂತ. ಒಳ್ಳೆಯದಕ್ಕೇ ಅಂತ ಬಾಯಿ ಮುಚ್ಚಿಕೊಂಡೆ. ನೀನು ಬಸುರಿ ಅಂದ ದಿನವಾದರೂ ಬಾಯಿ ಬಿಟ್ಟಿದ್ದರೆ ಆಸ್ಪತ್ರೆಯವರು ನಿನ್ನ ಎದೆಯನ್ನು ಮೊದಲೇ ನೋಡುತ್ತಿದ್ದರು. ಡಾಕ್ಟರಮ್ಮನಿಗೆ ಇದನ್ನೆಲ್ಲ ನಾನೇ ಹೋಗಿ ಹೇಳಿ ಬಂದೆ. ಅವರು ಬರೆದುಕೊಂಡರು. "ಈಗ ಹೇಳಿದ್ರಲ್ಲ, ಒಳ್ಳೇದಾಯ್ತು" ಅಂದರು. ನನಗೆ ನೆಲ ಬಿರಿಯಬಾರದಾ ಅನಿಸಿತು.

ಚಿಕ್ಕದು ಎದ್ದಿತು, ಅಳುತ್ತಿದೆ. ಉಳಿದದ್ದು ಆಮೇಲೆ.

ಅಕ್ಕ


ಆಗಸ್ಟ್ ೧೧

ಅಕ್ಕಾ,

ನೀನು ಹೋದ ಮೇಲೆ ಮನೆ ಬಿಕೋ ಅನ್ನುತ್ತಿದೆ. ಇವರು ದಿನಾ ಬೆಳಿಗ್ಗೆ ನನ್ನನ್ನು ತಕ್ಕಡಿಯ ಮೇಲೆ ನಿಲ್ಲಿಸುತ್ತಾರೆ. ತೂಕ ಇದ್ದಕ್ಕಿದ್ದ ಹಾಗೆ ಏರಿದರೆ ನೀರು ನಿಂತಿದೆ ಅಂತ ಅರ್ಥ. "ಮೂಟೆ ಸರಿಯಾಗಿದೆ, ಗಾಡಿ ಬಿಡಬಹುದು" ಅಂತಾರೆ.

ಮತ್ತೆ ಎಕೋ ಮಾಡಿದರು. ಹೃದಯ ಸ್ವಲ್ಪ ಬಿಗಿಯಾಗಿದೆ. ಪೂರ್ತಿ ಸರಿಹೋಗುತ್ತದೋ ಇಲ್ಲವೋ ಇನ್ನೂ ಹೇಳಲಾಗದು, ಮಾತ್ರೆ ಮಾತ್ರ ಬಿಡಬಾರದು. ಇನ್ನೊಂದು ಮಗು ಬೇಡ ಅಂದಿದ್ದಾರೆ. ಎರಡು ಇವೆಯಲ್ಲ, ಈಗ ಉರುಳುತ್ತವೆ, ಒಂದು ಕಡೆ ಒಂದು. ನನ್ನ ಟಿಕೆಟ್ ಕೌಂಟರಿನ ಕೆಲಸಕ್ಕೂ ಸದ್ಯಕ್ಕೆ ವಾಪಸು ಹೋಗಬಾರದು.

ಈಗ ಎರಡು ದಿಂಬಿಗೆ ಇಳಿದಿದ್ದೇನೆ. ಎರಡೂ ನಿನ್ನವೇ.

ಜೂನ್‌ನಲ್ಲಿ ಒಂದು ಪ್ರಶ್ನೆ ಕೇಳಿದ್ದೆ. ಎದುರಿಗಿದ್ದಾಗ ಕೇಳಿದರೆ ನೀನು ಒಲೆಯ ಮೇಲೆ ಹಾಲಿದೆ ಅಂತ ಎದ್ದು ಹೋಗುತ್ತಿದ್ದೆ. ಒಂದು ಸಲವಂತೂ ಒಲೆ ಹಚ್ಚೇ ಇರಲಿಲ್ಲ.

ಗುಬ್ಬಿ


ಆಗಸ್ಟ್ ೨೩

ಗುಬ್ಬಿಗೆ,

ನಿನ್ನ ಎಕೋ ಸುದ್ದಿ ಕೇಳಿ ದೇವರ ಮುಂದೆ ತುಂಬ ಹೊತ್ತು ಕೂತಿದ್ದೆ. ಕೊಟ್ಟ ಮಾತಿಗೆ ಅವನು ತಪ್ಪುವುದಿಲ್ಲ.

ಇಲ್ಲಿ ಕೆಲಸ ಬೇಕಾದಷ್ಟಿದೆ. ಹೊಸ ಹಾಸ್ಟೆಲ್ಲಿನವರು ಹಾಸಿಗೆಗೆ ಹೇಳಿದ್ದಾರೆ. ಹತ್ತಿ ಹಿಂಜುವುದನ್ನು ಪೂರ್ತಿ ನಿನ್ನ ಭಾವನಿಗೇ ಬಿಟ್ಟಿದ್ದೇನೆ, ಆ ಧೂಳು ಈಚೆಗೆ ನನಗೆ ಆಗಿಬರುತ್ತಿಲ್ಲ, ಕೆಮ್ಮು. ನಾನು ಕೂತು ಬಾಯಿ ಹೊಲಿಯುತ್ತೇನೆ. ಅವರು ತುಂಬಿದ ಹಾಸಿಗೆ ಒಂದು ಕಡೆ ಗುಡ್ಡ, ಒಂದು ಕಡೆ ಹಳ್ಳ. ಹಾಸ್ಟೆಲ್ ಹುಡುಗಿಯರು ಉರುಳಿ ಬೀಳುತ್ತಾರೆ ಅಂದರೆ, "ಬೆಳಿಗ್ಗೆ ಬೇಗ ಏಳ್ತಾರೆ ಬಿಡು, ಓದ್ಕೊಳ್ಳಲಿ" ಅಂತಾರೆ.

ನಿನ್ನ ಪ್ರಶ್ನೆಗೆ ಉತ್ತರ: ಒಂದೇ ದಿಂಬು.

ಅಕ್ಕ


ಅಕ್ಟೋಬರ್ ೩

ಅಕ್ಕಾ,

ನಿನ್ನೆ ಭಾವನಿಗೆ ಫೋನು ಮಾಡಿದ್ದೆ. ಅರ್ಧ ಗಂಟೆ ಮಾತಾಡಿದೆವು. ಎಲ್ಲೂ ನಿಲ್ಲಿಸದೆ ಮಾತಾಡಿದೆ ಅಂತ ಫೋನು ಇಟ್ಟ ಮೇಲೆ ಗೊತ್ತಾಯಿತು. ಖುಷಿಪಡಬೇಕಾಗಿತ್ತು, ಪಡಲಿಲ್ಲ.

"ನಿಮ್ಮಕ್ಕ ಈಗ ಹಾಸಿಗೆ ಮೇಲೆ ಮಲಗೋದೇ ಇಲ್ಲಮ್ಮ, ಅಂಗಡಿಯಲ್ಲಿ ಮೂಟೆಗೆ ಒರಗಿಕೊಂಡು ಇರ್ತಾಳೆ. ಕೇಳಿದ್ರೆ ಅಂಗಡಿ ಕಾಯ್ತಿದೀನಿ ಅಂತಾಳೆ. ನನಗೂ ಅವಳಿಗೂ ಜಗಳ ಏನೂ ಇಲ್ಲ, ನೀನೇ ಒಂದು ಮಾತು ಕೇಳು" ಅಂದರು. ನೀನು ಮುನಿಸಿಕೊಂಡಿದ್ದೀಯ ಅಂದುಕೊಂಡಿದ್ದಾರೆ, ಪಾಪ.

ಒಂದೇ ದಿಂಬು ಅಂತ ಬರೆದೆ. ಮೂಟೆ ದಿಂಬಲ್ಲವಲ್ಲ, ಹಾಗಾಗಿ ಸುಳ್ಳಲ್ಲ ಅಂತ ದೇವರಿಗೆ ಸಮಜಾಯಿಷಿ ಕೊಟ್ಟಿರುತ್ತೀಯ.

ನೀನು ದೇವರ ಹತ್ತಿರ ಆಡಿದ ಮಾತು ಏನು ಅಂತ ನನಗೆ ಈಗ ಗೊತ್ತಾಯಿತು. ಅವಳ ಕಾಯಿಲೆಯನ್ನು ನನಗೆ ಕೊಡು ಅಂದೆ, ಅಲ್ಲವಾ? ನಾನು ಸುಧಾರಿಸಿಕೊಂಡೆ, ನಿನಗೆ ಶುರುವಾಯಿತು. ಈಗ ಡಾಕ್ಟರ ಹತ್ತಿರ ಹೋದರೆ ಮಾತಿಗೆ ತಪ್ಪಿದ ಹಾಗೆ ಅಂತ ಬಾಯಿ ಮುಚ್ಚಿಕೊಂಡು ಕೂತಿದ್ದೀಯ.

ಅಕ್ಕಾ, ಅದು ದೇವರು ಕೊಟ್ಟದ್ದಲ್ಲ. ಅಮ್ಮ ಕೊಟ್ಟದ್ದು. ನಾನು ಹುಟ್ಟುವ ಮೊದಲಿನಿಂದಲೂ ನಿನ್ನ ಎದೆಯಲ್ಲಿ ಇದ್ದದ್ದು. ನನಗೆ ಅವಳಿ ಹುಟ್ಟಿದಾಗ ಹೊರಗೆ ಬಂತು, ನಿನಗೆ ಐವತ್ತಕ್ಕೆ ಬಂದಿರಬಹುದು. ಕೊಟ್ಟು ತೆಗೆದುಕೊಳ್ಳುವ ವ್ಯಾಪಾರ ನಿನ್ನ ಅಂಗಡಿಯದು, ಅವನದಲ್ಲ. ನನ್ನ ಮಾತ್ರೆಯಿಂದ ನನಗೆ ವಾಸಿಯಾಗುತ್ತಿದೆ. ನಿನ್ನ ಉಸಿರು ತೆಗೆದುಕೊಂಡು ನನಗೆ ವಾಸಿಯಾಗಿದ್ದರೆ ಆ ಉಸಿರು ನನಗೆ ಬೇಡ.

ಆಗ ನಿನಗೆ ಗೊತ್ತಿರಲಿಲ್ಲ. ಈಗ ಗೊತ್ತಿದೆ. ಗೊತ್ತಿದ್ದೂ ಹೀಗೆ ಕೂತರೆ, ಆ ಇಪ್ಪತ್ತು ದಿನಕ್ಕೆ ಬಂದ ಕೋಪ ಹೋದೀತು, ಇದಕ್ಕೆ ಬರುವ ಕೋಪ ಹೋಗುವುದಿಲ್ಲ. ಸೋಮವಾರ ಇವರು ಬರುತ್ತಾರೆ. ಹೊರಡು. ಹಾಸ್ಟೆಲ್ಲಿನ ಹಾಸಿಗೆ ಗುಡ್ಡ ಹಳ್ಳ ಇದ್ದರೆ ಇರಲಿ.

ಗುಬ್ಬಿ


ಅಕ್ಟೋಬರ್ ೨೧

ಗುಬ್ಬಿಗೆ,

ನಿನ್ನ ಮನೆಯಿಂದ ವಾಪಸು ಬಂದು ಎರಡು ದಿನವಾಯಿತು. ಎದುರಿಗಿದ್ದಾಗ ಹೇಳಲಾಗದ್ದು ಒಂದಿಷ್ಟು ಉಳಿದಿದೆ.

ನೀನು ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಒಳಗೆ ಡಾಕ್ಟರಮ್ಮ ಕೇಳಿದರು, "ನೀವು ಎಷ್ಟು ದಿಂಬು?" ಅಂತ. ಒಂದು ಅಂತ ನಾಲಿಗೆಯ ತುದಿಗೆ ಬಂದಿತ್ತು. ಬಾಗಿಲಿನ ಗಾಜಿನಿಂದ ನೀನು ಕಂಡೆ. ಎರಡೂ ಮಕ್ಕಳನ್ನು ತೊಡೆಯ ಮೇಲೆ ಹಾಕಿಕೊಂಡು ಏನೋ ಹಾಡುತ್ತಿದ್ದೆ, ಉಸಿರು ಕಡಿಯದ ಹಾಗೆ. "ಒಂದು ಮೂಟೆ" ಅಂದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಆಮೇಲೆ ಎಲ್ಲ ಹೇಳಿದೆ. ದೇವರ ಹತ್ತಿರ ಆಡಿದ್ದನ್ನೂ ಹೇಳಿದೆ. "ನಿಮ್ಮ ತಂಗಿಗೂ ನಿಮಗೂ ಬೇರೆ ಬೇರೆ ಮಾತ್ರೆ ಬರೀತೀನಿ. ಅಲ್ಲಿ ಕೊಟ್ಟು ಇಲ್ಲಿ ತಗೊಳ್ಳೋದು ನಮ್ಮಲ್ಲಿಲ್ಲ" ಅಂದರು. ಪುಣ್ಯಾತ್ಗಿತ್ತಿ, ನಗಿಸಿದರು.

ನನ್ನದು ನಿನ್ನಷ್ಟು ಸಡಿಲವಾಗಿಲ್ಲವಂತೆ. ಬೇಗ ಸಿಕ್ಕಿದೆ ಅಂದರು. ನೀನು ಆ ಸ್ಥಿತಿಗೆ ಹೋಗದೆ ಇದ್ದಿದ್ದರೆ ನನ್ನದು ಸಿಗುತ್ತಿರಲಿಲ್ಲ. ಅದನ್ನು ನೆನೆದಾಗಲೆಲ್ಲ ಮಾತ್ರೆಯನ್ನು ಕೈಯಲ್ಲೇ ಹಿಡಿದು ಕೂರುತ್ತೇನೆ. ಆದರೂ ನುಂಗುತ್ತೇನೆ. ನಿನ್ನ ಭಾವ ಎದುರಿಗೆ ನಿಂತಿರುತ್ತಾರೆ, ನಾಲಿಗೆ ಎತ್ತು ಅಂತ ನೋಡಿಯೇ ಹೋಗುತ್ತಾರೆ.

ದೇವರ ಹತ್ತಿರ ಕ್ಷಮೆ ಕೇಳಿದೆ. ನಿನ್ನ ಹತ್ತಿರವೂ ಕೇಳಬೇಕು, ಕೇಳಿದರೆ ನೀನು ಬಿಡು ಅಕ್ಕ ಅನ್ನುತ್ತೀಯ. ಅದು ಬಿಡುವಂಥದ್ದಲ್ಲ. ಇರಲಿ, ನನ್ನ ಹತ್ತಿರವೇ ಇರಲಿ.

ಆ ಹಟದ ದಿಂಬು ಬಾಯಿಗೆ ಸೂಜಿ ಕಚ್ಚಿಕೊಂಡು ಮೂಲೆಯಲ್ಲಿ ಬಿದ್ದಿತ್ತು. ನಿನ್ನೆ ಬಿಚ್ಚಿದೆ. ಕಲ್ಲಾಗಿತ್ತು ಹತ್ತಿ. ಬಿಸಿಲಿಗೆ ಹಾಕಿ ಬಿಡಿಸಿದೆ, ಸಂಜೆಯ ಹೊತ್ತಿಗೆ ಮತ್ತೆ ಹತ್ತಿಯಾಯಿತು. ಅದರಲ್ಲಿ ಎರಡು ತೆಳ್ಳನೆಯ ದಿಂಬು ಆದವು. ಒಂದು ನಿನಗೆ ಕಳಿಸಿದ್ದೇನೆ, ಒಂದು ನನ್ನ ತಲೆಯ ಕೆಳಗೆ, ಬೇರೆ ದಿಂಬುಗಳ ಮೇಲೆ ಇದೆ. ಮೂಟೆಯನ್ನು ನಿನ್ನ ಭಾವ ಅಟ್ಟಕ್ಕೆ ಹಾಕಿದರು. ಇಬ್ಬರೂ ಈ ಒಂದೇ ತೆಳ್ಳನೆಯ ದಿಂಬಿಗೆ ಇಳಿಯಲು ಇನ್ನೂ ದಿನ ಹಿಡಿಯಬಹುದು, ಅಲ್ಲಿಯವರೆಗೆ ಪಕ್ಕದಲ್ಲಿ ಇಟ್ಟುಕೋ.

ಇದು ಚಪ್ಪಟೆ ಅನ್ನಿಸಿದ ದಿನ ಬರೆಯಬೇಕು, ಮುಚ್ಚಿಡಬಾರದು. ನಾನೂ ಬರೆಯುತ್ತೇನೆ. ನೀನು ಬರೆದರೆ ಈ ಸಲ ಸೂಜಿ ಹಿಡಿಯುವುದಿಲ್ಲ, ಮೊದಲ ಬಸ್ಸು ಹಿಡಿಯುತ್ತೇನೆ.

ನಿನ್ನ ಅಕ್ಕ